ಕಿರೀಟದ ಕಡೆಯವನು

ಮಾರ್ಚ್ 4

ಅಣ್ಣಾ,

ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಫೋನು ಮಾಡಿ ಕೇಳೋಣವೆಂದರೆ ನಿನ್ನ ಕಿವಿ ಕೈಕೊಟ್ಟು ನಾಲ್ಕು ವರ್ಷವಾಯಿತು. ನಿನಗೆ ಕಾಗದವೇ ಗತಿ, ನನಗೆ ನೀನೇ ಗತಿ.

ಇವರು ಹೋಗಿ ನಾಳೆಗೆ ಎರಡು ವಾರ. ನೀನು ಬಂದು ಒಂದೇ ದಿನ ಇದ್ದು ಹೊರಟುಬಿಟ್ಟೆ. ಆಸ್ಪತ್ರೆಯವರು ತಿಂಗಳ ರಜೆ ಕೊಟ್ಟಿದ್ದರು, ನಾನೇ ಮೊನ್ನೆಯಿಂದ ಬಟ್ಟೆ ಕೋಣೆಗೆ ಹೋಗುತ್ತಿದ್ದೇನೆ. ರೋಗಿಗಳ ಹರಿದ ಹಾಸುಬಟ್ಟೆಗಳನ್ನು ತಿರುವಿ ಹಾಕಿ ಹೊಲಿಯುತ್ತ ಕೂತರೆ ಹೊತ್ತು ಹೇಗೋ ಹೋಗುತ್ತದೆ. ಮನೆಯಲ್ಲಿ ಕೂತರೆ ಬಾಗಿಲ ಹಿಂದೆ ತೂಗುಹಾಕಿರುವ ಇವರ ಕೆಲಸದ ಚೀಲವೇ ಕಣ್ಣಿಗೆ ಬೀಳುತ್ತದೆ.

ಲಿಫ್ಟು ಕಂಪನಿಯವರು ಹೇಳಿಕೆ ಕೊಟ್ಟಿದ್ದಾರೆ. ಇವರು ಏಳನೇ ಮಹಡಿಯಲ್ಲಿ ಲಿಫ್ಟಿನ ನೆತ್ತಿಯ ಮೇಲೆ ನಿಂತು ಬಾಗಿಲ ಗಾಲಿಗೆ ಎಣ್ಣೆ ಬಿಡುತ್ತಿದ್ದರು, ಐದು ನಿಮಿಷದ ಮೇಲೆ ಲಿಫ್ಟು ಓಡಾಡುವ ಗುಂಡಿಯ ತಳದಲ್ಲಿದ್ದರು. ಅಷ್ಟು ಮಾತ್ರ ಎಲ್ಲರೂ ಒಪ್ಪುತ್ತಾರೆ. ಲಿಫ್ಟಿನಲ್ಲಿ ದೋಷವೇನೂ ಇರಲಿಲ್ಲವಂತೆ. ಇವರು ಯಾವತ್ತೂ ದೂರು ಕೊಟ್ಟಿರಲಿಲ್ಲವಂತೆ. ಇಪ್ಪತ್ತೆರಡು ವರ್ಷ ಅನುಭವವಿದ್ದ ಮೆಕ್ಯಾನಿಕ್ಕು ಕಾಲು ಜಾರುವ ಮಾತೇ ಇಲ್ಲವಂತೆ. ಆಮೇಲೆ ಕೊನೆಯಲ್ಲಿ, ‘ಕೆಲವು ದಿನಗಳಿಂದ ಅವರು ಮಂಕಾಗಿದ್ದರು’ ಎಂದು ಬರೆದು ಸುಮ್ಮನಾಗಿದ್ದಾರೆ. ಮಿಕ್ಕಿದ್ದನ್ನು ಓದಿದವರು ತಾವೇ ತುಂಬಿಕೊಳ್ಳುತ್ತಿದ್ದಾರೆ.

ಪುಟ್ಟಿಗೂ ಅದು ಮುಟ್ಟಿದೆ. ನಿನ್ನೆ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಕೇಳಿದಳು: “ಅಮ್ಮಾ, ಅಪ್ಪ ಬಿದ್ರಾ, ಇಲ್ಲಾ ತಾವೇ ಹಾರಿದ್ರಾ?”

ಹನ್ನೊಂದು ವರ್ಷದ ಮಗು ಅಣ್ಣಾ. “ಬಿದ್ರು” ಎಂದು ಹೇಳಲು ಬಾಯಿ ತೆರೆದೆ, ಆದರೆ ನನಗೇ ಗೊತ್ತಿಲ್ಲ. ಜನವರಿಯಿಂದ ಇವರು ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಏನಾಯಿತು ಎಂದರೆ “ಏನಿಲ್ಲ ಬಿಡು” ಎನ್ನುತ್ತಿದ್ದರು. ನಾನೂ ಬಿಟ್ಟುಬಿಟ್ಟೆ. ಯಾಕೆ ಬಿಟ್ಟೆನೋ.

ಇವತ್ತು ಒಂದು ಸರ್ಕಾರಿ ಕಾಗದ ಬಂದಿದೆ. ಏಪ್ರಿಲ್ ಹದಿನಾರಕ್ಕೆ ಕೊರೋನರ್ ಮುಂದೆ ವಿಚಾರಣೆ, ಅದಕ್ಕೆ ಮೊದಲು ಅವರ ಗುಮಾಸ್ತ ಮನೆಗೆ ಬರುತ್ತಾನಂತೆ. ಈ ಕೊರೋನರ್ ಅಂದರೆ ಯಾರು? ಪೊಲೀಸೋ, ಡಾಕ್ಟರೋ, ಜಡ್ಜೋ? ಯಾರ ಕಡೆಯವನು? ನಾನು ಅವನನ್ನು ನಂಬಬೇಕೋ ಹೆದರಬೇಕೋ? ನೀನು ಮೂವತ್ತು ವರ್ಷ ಪದಗಳ ಜೊತೆಯೇ ಸಂಸಾರ ಮಾಡಿದವನು. ಅರ್ಥ ಬರೆದು ಕಳಿಸು. ಒಂದು ಸಾಲು ಸಾಕು.

ನಿನ್ನ ತಂಗಿ


ಮಾರ್ಚ್ 8

ಪ್ರೀತಿಯ ತಂಗೀ,

ಕಾಗದ ನಿನ್ನೆ ಬಂತು. ಪುಟ್ಟಿಯ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರವಿಲ್ಲ. ನೀನು ಕೇಳಿದ ಪದಕ್ಕೆ ಮಾತ್ರ ಇದೆ, ಅದನ್ನಾದರೂ ಸರಿಯಾಗಿ ಕೊಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ಈ ಹಾಳೆಗಳ ಹಿಂಬದಿಯಲ್ಲಿರುವುದನ್ನು ಓದಲು ಹೋಗಬೇಡ. ಅವು ರದ್ದಾದ ಹಳೇ ಕರಡುಗಳು. ಹೊಸ ಹಾಳೆ ಕೇಳಿದರೆ ನಮ್ಮ ಸಂಪಾದಕರು ಅವರ ಮೂತ್ರಪಿಂಡ ಕೇಳಿದ ಹಾಗೆ ಮುಖ ಮಾಡುತ್ತಾರೆ. ಆದ್ದರಿಂದ ನಿಘಂಟಿನ ಚೀಟಿಗಳೆಲ್ಲ ರದ್ದಿಯ ಬೆನ್ನ ಮೇಲೆಯೇ. ಕೆಲಸಕ್ಕೆ ಸೇರಿದ ಮೊದಲ ದಿನವೇ ಇಲ್ಲಿ ಕಲಿಸುವುದು ಇದನ್ನು: ಎದುರಿಗಿರುವ ಮೈಯನ್ನಷ್ಟೇ ಓದು, ಚೀಟಿ ತಿರುಗಿಸಬೇಡ. ತಿರುಗಿಸಿದರೆ ಯಾವುದೋ ಪದದ ಅರ್ಥ ಯಾವುದಕ್ಕೋ ಅಂಟಿಕೊಳ್ಳುತ್ತದೆ. ಮೂವತ್ತು ವರ್ಷದಲ್ಲಿ ಇದು ನನ್ನ ಕೈಗೇ ಅಭ್ಯಾಸವಾಗಿಬಿಟ್ಟಿದೆ.

ಈಗ ಕೊರೋನರ್. ಲ್ಯಾಟಿನ್ನಿನಲ್ಲಿ ಕೊರೋನಾ ಅಂದರೆ ಕಿರೀಟ. ಸುಮಾರು ಎಂಟುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ದೊರೆ ಪ್ರತಿ ಜಿಲ್ಲೆಗೂ ತನ್ನ ಒಬ್ಬ ಮನುಷ್ಯನನ್ನು ನೇಮಿಸಿದ. ಅವನ ಪೂರ್ತಿ ಹೆಸರು ‘ಕಿರೀಟದ ದಾವೆಗಳನ್ನು ಕಾಯುವವನು’. ಅದೇ ಸವೆದು ಸವೆದು ಕೊರೋನರ್ ಆಯಿತು. ಸಾಮಾನ್ಯ ಜನ ಇನ್ನೂ ಮೊಟಕು ಮಾಡಿ ‘ಕ್ರೌನರ್’, ಅಂದರೆ ಕಿರೀಟದವನು, ಎಂದೇ ಕರೆದರು. ಅವನು ಹಳ್ಳಿಗೆ ಕುದುರೆಯ ಮೇಲೆ ಬಂದರೆ ಜನರ ಎದೆ ಒಡೆಯುತ್ತಿತ್ತು. ಯಾಕೆಂದರೆ ಅವನು ಬರುತ್ತಿದ್ದದ್ದು ಸತ್ತವರಿಗಾಗಿ ಅಲ್ಲ, ದೊರೆಯ ಪಾಲಿಗಾಗಿ. ಒಡೆದ ಹಡಗಿನ ಸರಕು ದೊರೆಗೆ. ನೆಲದಲ್ಲಿ ಸಿಕ್ಕ ನಿಧಿ ದೊರೆಗೆ. ಯಾರಾದರೂ ಹಠಾತ್ತನೆ ಸತ್ತರೆ ಹೆಣವನ್ನು ಅವನೇ ಕಣ್ಣಾರೆ ನೋಡಬೇಕು, ಅಕ್ಕಪಕ್ಕದವರನ್ನು ಕೂಡಿಸಿ ಪ್ರಮಾಣ ಮಾಡಿಸಿ ಕೇಳಬೇಕು. ಸತ್ತವನು ತನ್ನನ್ನು ತಾನೇ ಕೊಂದುಕೊಂಡಿದ್ದ ಎಂದು ತೀರ್ಮಾನವಾದರೆ ಅವನ ಮನೆಯ ಸಾಮಾನೆಲ್ಲ ದೊರೆಗೆ ಸೇರುತ್ತಿತ್ತು, ಹೆಂಡತಿ ಮಕ್ಕಳು ಬೀದಿಗೆ. ಮನೆಯವರು ಪಾತ್ರೆ ಪಡಗವನ್ನು ಪಕ್ಕದ ಮನೆಯಲ್ಲಿ ಬಚ್ಚಿಡುತ್ತಿದ್ದರಂತೆ.

ಈಗಿನ ಬಳಕೆ ನಿನಗೂ ಗೊತ್ತಿರುವುದೇ: ಹಠಾತ್ ಸಾವಿನ ವಿಚಾರಣೆ ಮಾಡುವ ಅಧಿಕಾರಿ. ಅದರಲ್ಲಿ ಹೇಳುವಂಥದ್ದೇನಿಲ್ಲ.

ಒಂದು ಮಾತು. ಗುಮಾಸ್ತ ಬಂದಾಗ ಇದ್ದದ್ದನ್ನೆಲ್ಲ ಮೇಜಿನ ಮೇಲೆ ಹರಡಬೇಡ. ಭಾವ ಏನಾದರೂ ಬರೆದಿಟ್ಟಿದ್ದರೆ ಮೊದಲು ನೀನು ಓದು. ಬರೆದದ್ದನ್ನು ಅವರು ಹೇಗೆ ಓದುತ್ತಾರೋ ಹೇಳಲಾಗದು. ಜಾಗ್ರತೆ.

ಭಾವ ನನ್ನ ವಿಷಯ ಏನಾದರೂ ಹೇಳುತ್ತಿದ್ದರಾ? ಸುಮ್ಮನೆ ಕೇಳಿದೆ.

ಅಣ್ಣ


ಮಾರ್ಚ್ 15

ಅಣ್ಣಾ,

ನಿನ್ನ ಆರು ಹಾಳೆಯನ್ನೂ ಎರಡು ಸಲ ಓದಿದೆ. ಒಂದು ಸಾಲು ಕೇಳಿದ್ದೆ. ಆದರೂ ಬರೆದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನಾನು ಪೆದ್ದಿಯ ಹಾಗೆ ಎಲ್ಲವನ್ನೂ ಎತ್ತಿ ಅವರ ಕೈಗೆ ಕೊಡುತ್ತಿದ್ದೆ.

ಗುಮಾಸ್ತ ಮಂಗಳವಾರ ಬಂದಿದ್ದ. ಒಳ್ಳೆಯವನಂತೆ ಕಾಣುತ್ತಾನೆ. ನಾಲ್ಕು ಮಹಡಿ ಹತ್ತಿ ಏದುಸಿರು ಬಿಡುತ್ತ, ನೀರು ಕೇಳಿ ಕುಡಿದ. ನಾನು ಅವನ ಬೊಕ್ಕತಲೆಯನ್ನೇ ನೋಡುತ್ತಿದ್ದೆ, ಕಿರೀಟ ಇಟ್ಟರೆ ಜಾರಿ ಬೀಳುತ್ತದಲ್ಲ ಎಂದು. ನಗು ಬಂತು ಅಣ್ಣಾ. ಮೂರು ವಾರದ ಮೇಲೆ ಮೊದಲ ಸಲ. ಆಮೇಲೆ ಅವನು ಕೇಳಿದ:

“ಯಜಮಾನ್ರಿಗೆ ಬರೆಯೋ ಅಭ್ಯಾಸ ಇತ್ತಾಮ್ಮಾ? ಡೈರಿ, ನೋಟ್‌ಬುಕ್ಕು, ಏನಾದ್ರೂ?”

“ಇಲ್ಲ” ಅಂದೆ.

“ಮೆಕ್ಯಾನಿಕ್ಕುಗಳ ಹತ್ರ ಸಾಮಾನ್ಯ ಒಂದು ಇರುತ್ತೆ.”

“ಇವರ ಹತ್ರ ಇರಲಿಲ್ಲ.”

ಅವನು ಬರೆದುಕೊಂಡು ಹೋದ. ನೀನು ಹೇಳಿದ ಹಾಗೆ ಜಾಗ್ರತೆ ಮಾಡಿದ್ದೇನೆ. ಅದಕ್ಕಿಂತ ಹೆಚ್ಚು ಕೇಳಬೇಡ.

ಇನ್ನೊಂದು. ಫೆಬ್ರವರಿ ಹತ್ತನೇ ತಾರೀಕು ಇವರು ಪುಟ್ಟಿಯಿಂದ ಒಂದು ಅಂಚೆಚೀಟಿ ಇಸಿದುಕೊಂಡಿದ್ದರಂತೆ. ನಾನು ನಿನಗೆ ಬರೆಯುವಾಗ ಬೇಕಾಗುತ್ತದೆಂದು ಅವಳ ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದ ಚೀಟಿ. ಇವರು ಜನ್ಮದಲ್ಲಿ ಯಾರಿಗೂ ಕಾಗದ ಬರೆದವರಲ್ಲ. ನಿನಗೇನಾದರೂ ಬರೆದಿದ್ದರಾ? ಬರೆದಿದ್ದರೆ ಹೇಳು. ಏನೇ ಇರಲಿ, ಹೇಳು. ಪುಟ್ಟಿ ಈಗ ಆ ಪ್ರಶ್ನೆ ಕೇಳುವುದನ್ನೂ ಬಿಟ್ಟಿದ್ದಾಳೆ. ಅದೇ ನನಗೆ ಹೆಚ್ಚು ಭಯ.

ತಂಗಿ


ಮಾರ್ಚ್ 20

ಪ್ರೀತಿಯ ತಂಗೀ,

ಬರೆದಿದ್ದರೆ ನಾನು ಹೇಳದೆ ಇರುತ್ತಿದ್ದೆನೇ? ಅಂಚೆಚೀಟಿ ಯಾವುದಕ್ಕೋ ಬೇಕಾಗಿದ್ದಿರಬಹುದು. ಶಾಲೆಗೋ, ಬ್ಯಾಂಕಿಗೋ. ಅದನ್ನು ಕೆದಕುತ್ತ ಕೂರಬೇಡ.

ಗುಮಾಸ್ತನ ವಿಷಯದಲ್ಲಿ ನೀನು ಮಾಡಿದ್ದು ಸರಿ.

ನಿಘಂಟಿನ ಕೊರೋನರ್ ಚೀಟಿ ಮೊನ್ನೆ ಮುಗಿಸಿದೆ. ಬಿಟ್ಟುಹೋಗಿದ್ದ ಒಂದು ವಿಷಯ ಸಿಕ್ಕಿತು, ನಿನಗೂ ತಿಳಿದಿರಲಿ. ಆಗಿನ ಕಾಲದಲ್ಲಿ ಮನುಷ್ಯನನ್ನು ಕೊಂದ ವಸ್ತುವನ್ನೂ ಕೊರೋನರ್ ಹಿಡಿದುಕೊಂಡು ಹೋಗುತ್ತಿದ್ದನಂತೆ. ಬಂಡಿ ಹರಿದು ಸತ್ತರೆ ಆ ಬಂಡಿಯ ಚಕ್ರ, ಎತ್ತು ತಿವಿದು ಸತ್ತರೆ ಆ ಎತ್ತು. ವಸ್ತುವಿಗೂ ಪಾಪ ತಗಲುತ್ತದೆ ಎಂಬ ನಂಬಿಕೆ. ನಮ್ಮ ಸಂಪಾದಕರು ಇದನ್ನು ಹೊಡೆದುಹಾಕಿದರು, ಜಾಗವಿಲ್ಲವಂತೆ.

ಇಲ್ಲಿ ಸೆಕೆ. ಕೆಲಸ ಬಹಳ. ಮುಂದಿನ ಕಾಗದ ತಡವಾಗಬಹುದು.

ಅಣ್ಣ


ಏಪ್ರಿಲ್ 2

ಅಣ್ಣಾ,

ನಿನ್ನೆ ರಾತ್ರಿಯಿಂದ ಬರೆದು ಬರೆದು ಹರಿಯುತ್ತಿದ್ದೇನೆ. ಇದನ್ನು ಹರಿಯುವುದಿಲ್ಲ.

ನಿನ್ನೆ ಉದ್ದಣ್ಣ ಬಂದಿದ್ದ. ಇವರ ಜೊತೆ ಹನ್ನೊಂದು ವರ್ಷ ಕೆಲಸ ಮಾಡಿದವನು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು, ಅಷ್ಟು ಎತ್ತರ. ಸಾವಿನ ದಿನ ಅವನು ಬೇರೆ ಕಟ್ಟಡದಲ್ಲಿದ್ದ. ಟೋಪಿ ತೆಗೆದು ಕೂತ. ಆಮೇಲೆ ಹೇಳಿದ:

“ಅತ್ಗೆ, ಆ ಲಿಫ್ಟಿನ ಬ್ರೇಕು ಹಿಡೀತಿರ್ಲಿಲ್ಲ. ನಿಲ್ಲಿಸಿದ್ಮೇಲೂ ಜಾರ್ತಿತ್ತು. ಅಣ್ಣ ಮೂರ್ ಸಲ ದೂರು ಬರ್ದು ಕೊಟ್ಟಿದ್ರು. ಆಫೀಸ್ ಫೈಲಲ್ಲಿ ಈಗ ಒಂದೂ ಇಲ್ಲ. ಯಾವನೋ ಕಿತ್ತಾಕಿದಾನೆ.”

“ಹಾಗಾದ್ರೆ ಸಾಕ್ಷಿ?”

“ಇದೆಯಲ್ಲ. ಅಣ್ಣನ ನೋಟ್‌ಬುಕ್ಕು. ತಾರೀಕು ಸಮೇತ ಎಲ್ಲಾನೂ ಅದ್ರಲ್ಲಿ ಬರ್ಕೊತಿದ್ರು. ಅದನ್ನ ಕೊರೋನರ್‌ಗೆ ಕೊಟ್ಬಿಡಿ ಅತ್ಗೆ, ಮುಗೀತು.”

ಅಣ್ಣಾ, ಆ ನೋಟ್‌ಬುಕ್ಕನ್ನು ನಾನು ಸುಟ್ಟುಬಿಟ್ಟೆ.

ನಿನ್ನ ಆರು ಹಾಳೆ ಬಂದ ಮರುದಿನವೇ. ಚೀಲದಲ್ಲಿತ್ತು. ತೆಗೆದು ಕೊನೆಯ ಪುಟ ನೋಡಿದೆ. ‘ಇವತ್ತೂ ಹೇಳಿದೆ. ಪ್ರಯೋಜನವಿಲ್ಲ. ಇನ್ನು ಹೇಳುವುದಿಲ್ಲ. ಸಾಕು.’ ಹಿಂದಿನ ಪುಟಗಳೆಲ್ಲ ಬರೀ ಅಂಕಿ, ತಾರೀಕು, ಅವರ ಕೆಲಸದ ಗುರುತು. ನನಗೆ ತಿಳಿಯಲಿಲ್ಲ, ತಿಳಿಯಲು ಕೂರಲೂ ಇಲ್ಲ. ಕಿರೀಟದವನು ಬರುತ್ತಾನೆ, ಈ ನಾಲ್ಕು ಸಾಲು ಓದಿ ‘ತಾನೇ ಕೊಂದುಕೊಂಡ’ ಎಂದು ಬರೆಯುತ್ತಾನೆ, ಪುಟ್ಟಿ ಬದುಕಿಡೀ ಅದನ್ನು ಹೊರಬೇಕು ಎಂದಷ್ಟೇ ತಲೆಯಲ್ಲಿ ಓಡುತ್ತಿತ್ತು. ಬಚ್ಚಲಲ್ಲಿ ಕಬ್ಬಿಣದ ಬಕೆಟ್ಟಿಗೆ ಹಾಕಿ ಕಡ್ಡಿ ಗೀರಿದೆ. ರಟ್ಟು ಬೇಗ ಹತ್ತಲಿಲ್ಲ, ಎರಡನೇ ಕಡ್ಡಿ ಗೀರಿದೆ. ಇವರನ್ನು ಉಳಿಸುತ್ತಿದ್ದೇನೆ ಎಂದುಕೊಂಡು ಇವರ ಬಾಯಿಯನ್ನೇ ಸುಟ್ಟೆ.

ಕೊರೋನರ್ ಯಾರು ಎಂದು ಕೇಳಿದರೆ ಎಂಟುನೂರು ವರ್ಷದ ಹಿಂದೆ ಯಾರಾಗಿದ್ದ ಎಂದು ಬರೆದೆಯಲ್ಲ ಅಣ್ಣಾ. ಈಗ ಯಾರು ಎಂಬುದನ್ನು ಒಂದೇ ಸಾಲಿನಲ್ಲಿ ಹಾರಿಸಿಬಿಟ್ಟೆ. ನನಗೆ ಬೇಕಾಗಿದ್ದದ್ದು ಆ ಸಾಲು ಮಾತ್ರ. ‘ಮೇಜಿನ ಮೇಲೆ ಹರಡಬೇಡ’ ಎಂದು ಬೇರೆ ಹೆದರಿಸಿದೆ. ನಿನಗೆ ಅಷ್ಟು ಭಯ ಎಲ್ಲಿಂದ ಬಂತು? ಇವರು ತಾವೇ ಹಾರಿದರೆಂದು ನೀನು ನಂಬಿದ್ದೆಯಾ? ಯಾಕೆ?

ವಿಚಾರಣೆಗೆ ಹದಿನಾಲ್ಕು ದಿನ ಇದೆ. ನನ್ನ ಕೈಯಲ್ಲಿ ಒಂದು ಹಿಡಿ ಬೂದಿಯೂ ಇಲ್ಲ, ಅದನ್ನೂ ತೊಳೆದು ಚೆಲ್ಲಿದ್ದೇನೆ. ಉದ್ದಣ್ಣನ ಬಾಯಿಮಾತನ್ನು ಕಂಪನಿಯ ವಕೀಲ ಊದಿ ಹಾರಿಸುತ್ತಾನೆ. ನಾನು ಏನು ಮಾಡಲಿ? ನಿಜವಾಗಿ ಕೇಳುತ್ತಿದ್ದೇನೆ. ಏನು ಮಾಡಲಿ ಹೇಳು.


ಏಪ್ರಿಲ್ 6

ತಂಗೀ,

ಇದರ ಜೊತೆ ಇರುವುದು ಭಾವನ ಕಾಗದ. ಅವರು ಫೆಬ್ರವರಿ ಹತ್ತರಂದು ಬರೆದದ್ದು. ನನಗೆ ತಲುಪಿದ್ದು ಹದಿಮೂರರಂದು. ನಿನಗೆ ಸುಳ್ಳು ಹೇಳಿದೆ.

ಅವತ್ತು ಕಚೇರಿಯಲ್ಲಿ ಕರಡು ತಿದ್ದುವ ಕೊನೆಯ ದಿನ. ಓದಿದೆ, ಓದಿ ಪುಸ್ತಕದೊಳಗೆ ಇಟ್ಟೆ. ಭಾನುವಾರ ಉತ್ತರಿಸೋಣವೆಂದುಕೊಂಡೆ. ಭಾನುವಾರವೂ ಕಳೆಯಿತು. ‘ವಿವರವೆಲ್ಲ ಕಳಿಸಿದ್ದೇನೆ’ ಎಂದು ಬರೆದಿದ್ದರು, ಆದರೆ ಲಕೋಟೆಯಲ್ಲಿ ಬೇರೇನೂ ಇರಲಿಲ್ಲ. ಮರೆತಿರಬೇಕು, ಇನ್ನೊಂದು ಲಕೋಟೆ ಬರುತ್ತದೆ, ಆಗ ಒಟ್ಟಿಗೆ ಬರೆದರಾಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬಂದದ್ದು ಸಾವಿನ ತಂತಿ.

ಆಮೇಲೆ ಕಾಗದವನ್ನು ಮತ್ತೆ ಓದಿದೆ. ನೀನೂ ಓದು. ‘ನನ್ನ ಮಾತು ಇಲ್ಲಿ ಯಾರೂ ಕೇಳುತ್ತಿಲ್ಲ ಭಾವ. ದಿನಾ ಬೆಳಿಗ್ಗೆ ಆ ಗುಂಡಿಯ ಬಾಯಿ ನೋಡಿದರೆ ಸಂಜೆ ಮನೆ ಸೇರುತ್ತೇನೋ ಇಲ್ಲವೋ ಅನ್ನಿಸುತ್ತದೆ. ಸಾಕಾಗಿದೆ. ನಿಮ್ಮ ತಂಗಿಗೆ ಹೇಳಬೇಡಿ, ಅವಳು ತಡೆದುಕೊಳ್ಳುವುದಿಲ್ಲ. ನಾನಿಲ್ಲದೆ ಹೋದರೆ ಪುಟ್ಟಿಯನ್ನು ಓದಿಸುವುದು ನಿಮಗೆ ಸೇರಿದ್ದು. ವಿವರವೆಲ್ಲ ಕಳಿಸಿದ್ದೇನೆ. ನಿಮ್ಮ ಕಚೇರಿಯ ಹೆಸರಿರುವ ಕಾಗದದಲ್ಲಿ ದೊಡ್ಡ ಸಾಹೇಬರಿಗೆ ಎರಡು ಸಾಲು ಬರೆದುಕೊಟ್ಟರೆ ಬಹಳ ಉಪಕಾರ. ದೊಡ್ಡವರ ಕಾಗದಕ್ಕೆ ಬೆಲೆ ಇರುತ್ತದೆ.’

ಇದನ್ನು ಓದಿದ ಯಾರಿಗಾದರೂ ಏನನ್ನಿಸುತ್ತದೆ ಹೇಳು. ಬದುಕು ಸಾಕಾಗಿ, ಕೊನೆಗೆ ನನ್ನ ಕಡೆ ಕೈ ಚಾಚಿದರು, ನಾನು ಹಿಡಿಯಲಿಲ್ಲ, ಅವರು ಹಾರಿದರು. ನಾನು ಹೀಗೇ ನಂಬಿದೆ. ಒಂದು ದಿನವೂ ಬೇರೆ ಥರ ಯೋಚಿಸಲಿಲ್ಲ. ನಿನ್ನ ಮನೆಯಲ್ಲಿ ಒಂದು ದಿನಕ್ಕಿಂತ ಹೆಚ್ಚು ಇರಲಾರದೆ ಓಡಿಬಂದದ್ದು ಅದಕ್ಕೇ. ತಮ್ಮನ್ನು ತಾವೇ ಕೊಂದುಕೊಂಡವರ ಮನೆಯ ಪಾತ್ರೆ ಪಡಗದ ಕಥೆಯನ್ನು ನಿನಗೆ ಅಷ್ಟು ಉದ್ದಕ್ಕೆ ಬರೆದದ್ದೂ ಅದಕ್ಕೇ ಇರಬೇಕು. ಭಯ ನನ್ನದು, ಅದನ್ನು ಪದದ ಹೆಸರಿನಲ್ಲಿ ನಿನ್ನ ತಲೆಗೆ ಕಟ್ಟಿದೆ.

ಈ ಕಾಗದವನ್ನು ಏನು ಮಾಡುತ್ತೀಯೋ ನಿನಗೆ ಬಿಟ್ಟದ್ದು. ಕೊರೋನರ್ ಕೈಗೆ ಸಿಕ್ಕರೆ ತೀರ್ಪು ನಮ್ಮ ವಿರುದ್ಧವೇ ಹೋಗುತ್ತದೆ. ಸುಡುವುದಾದರೆ ಸುಡು. ನನಗೆ ಸುಡಲು ಆಗಲಿಲ್ಲ.

ನನ್ನನ್ನು ಅಣ್ಣ ಎಂದು ಕರೆಯಬೇಡ ಎಂದರೂ ನಾನು ಬೇಸರಪಡುವುದಿಲ್ಲ.


ಏಪ್ರಿಲ್ 9

ತಿರುಗಿಸಿ ನೋಡಿದೆಯಾ?

ಇವರು ಬರೆದಿರುವುದು ಮೂರು ಹಳದಿ ಹಾಳೆಗಳ ಮೇಲೆ. ಮನೆಯಲ್ಲಿ ಬೇರೆ ಕಾಗದ ಇರಲಿಲ್ಲವೆಂದುಕೊಂಡೆಯಾ? ಪುಟ್ಟಿಯ ಪುಸ್ತಕಗಳಲ್ಲಿ ಎಷ್ಟು ಖಾಲಿ ಹಾಳೆ ಇದ್ದವು. ನಾನು ಬಟ್ಟೆಯವಳು, ಒಳಮೈ ನೋಡದೆ ಯಾವ ಬಟ್ಟೆಯನ್ನೂ ಕೆಳಗಿಡುವವಳಲ್ಲ. ಲಕೋಟೆಯಿಂದ ತೆಗೆದವಳೇ ತಿರುಗಿಸಿದೆ.

ಮೂರೂ ಕಂಪನಿಯ ದೂರಿನ ಕಾರ್ಬನ್ ಪ್ರತಿಗಳು. ಕಾರ್ಬನ್ನು ಮಸುಕಾಗಿದೆ, ಬೆಳಕಿಗೆ ಹಿಡಿದರೆ ಚೆನ್ನಾಗಿಯೇ ಕಾಣುತ್ತದೆ. ನಿನಗೂ ತಿಳಿಯಲೆಂದು ನನ್ನ ಕೈಯಲ್ಲೇ ನಕಲು ಮಾಡಿ ಕಳಿಸುತ್ತಿದ್ದೇನೆ.

‘ಜನವರಿ 12. ಬ್ರೇಕು ಹಿಡಿಯುತ್ತಿಲ್ಲ. ನಿಲ್ಲಿಸಿದ ಮೇಲೆ ನಾಲ್ಕು ಬೆರಳು ಜಾರುತ್ತದೆ. ಸವೆದ ಲೈನಿಂಗ್ ಪಟ್ಟಿ ಬದಲಿಸಬೇಕು.’

‘ಜನವರಿ 26. ಒಂದು ಗೇಣು ಜಾರುತ್ತದೆ. ಲಿಫ್ಟು ನಿಲ್ಲಿಸಲು ಅನುಮತಿ ಕೊಡಿ.’

‘ಫೆಬ್ರವರಿ 7. ಒಂದು ಮೊಳ ಜಾರಿತು. ನೆತ್ತಿಯ ಮೇಲೆ ನಿಂತು ಕೆಲಸ ಮಾಡುವುದು ಅಪಾಯ. ನನ್ನ ಜಾಗದಲ್ಲಿ ಯಾರಿದ್ದರೂ ಬೀಳುತ್ತಾರೆ.’

ಮೂರರ ಕೆಳಗೂ ‘ನೋಡಿದೆ’ ಎಂದು ಸೂಪರ್‌ವೈಸರನ ಸಹಿ.

ವಿವರವೆಲ್ಲ ಕಳಿಸಿದ್ದೇನೆ ಎಂದು ಬರೆದಿದ್ದರಲ್ಲ. ಇದೇ ವಿವರ.

ನಾಳೆ ಬೆಳಿಗ್ಗೆ ಇವನ್ನೆಲ್ಲ ಹಿಡಿದುಕೊಂಡು ಕೊರೋನರ್ ಕಚೇರಿಗೆ ನಾನೇ ಹೋಗುತ್ತೇನೆ. ಸುಟ್ಟ ವಿಷಯವನ್ನೂ ಹೇಳುತ್ತೇನೆ.


ಏಪ್ರಿಲ್ 12

ತಂಗೀ,

ಇಲ್ಲ. ತಿರುಗಿಸಲಿಲ್ಲ.

ಹದಿನಾರಕ್ಕೆ ನಾನು ಬರಲಾ?


ಏಪ್ರಿಲ್ 17

ಅಣ್ಣಾ,

ಬರಲಾ ಎಂದು ಕೇಳಿದ್ದಕ್ಕೆ ನಾನು ಉತ್ತರ ಹಾಕಲಿಲ್ಲ. ಬೇಕೆಂದೇ ಹಾಕಲಿಲ್ಲ. ಉತ್ತರಕ್ಕೆ ಕಾಯುವುದು ಹೇಗಿರುತ್ತದೆ ಎಂದು ನಿನಗೂ ಗೊತ್ತಾಗಲಿ ಅನ್ನಿಸಿತು.

ವಿಚಾರಣೆ ಮುಗಿಯಿತು. ಕೊರೋನರ್ ಒಬ್ಬ ಹೆಂಗಸು. ಅರವತ್ತರ ಹತ್ತಿರ ವಯಸ್ಸು, ಮೊಣಕೈಯಲ್ಲಿ ತೇಪೆ ಹಾಕಿದ ಬೂದು ಸ್ವೆಟರು, ಮಾತುಮಾತಿಗೂ ಕೆಮ್ಮು. ತೇಪೆಯ ಹೊಲಿಗೆ ನೋಡಿದೆ, ಅಚ್ಚುಕಟ್ಟಾಗಿತ್ತು, ತಾವೇ ಹಾಕಿಕೊಂಡಿರಬೇಕು. ಇವರಿಗಾ ನಾನು ಹೆದರಿ ಬಕೆಟ್ಟು ಹಿಡಿದದ್ದು ಎಂದು ಅಲ್ಲೇ ಅಳು ಬಂತು.

ಕಂಪನಿಯ ವಕೀಲ ಮೊದಲು ನನ್ನನ್ನೇ ಹಿಡಿದ. “ನೋಟ್‌ಬುಕ್ಕಿನಲ್ಲಿ ಮುಚ್ಚಿಡುವಂಥದ್ದೇನೂ ಇಲ್ದಿದ್ರೆ ಯಾಕೆ ಸುಟ್ರಿ? ಗಂಡ ತಾವೇ ಹಾರಿದ್ರು ಅಂತ ನಿಮಗೂ ಅನ್ನಿಸಿತ್ತು, ಅಲ್ವಾ?”

ನಾನು ಹೌದು ಎಂದೆ. ಅನ್ನಿಸಿತ್ತು ಎಂದೆ. ಪ್ರಮಾಣ ಮಾಡಿದ್ದೆನಲ್ಲ. ಅದಕ್ಕೆ ಸುಡುವಷ್ಟು ಭಯ ಯಾಕೆ ಎಂದು ಕೊರೋನರಮ್ಮ ಕೇಳಿದರು. ಚೀಲದಲ್ಲಿದ್ದ ನಿನ್ನ ಆರು ಹಾಳೆ ತೆಗೆದು ಕೊಟ್ಟೆ. ಗುಮಾಸ್ತ ಅದನ್ನು ಎಲ್ಲರೆದುರಿಗೆ ಗಟ್ಟಿಯಾಗಿ ಓದಿದ. ಕಿರೀಟ, ಕುದುರೆ, ಹಡಗು, ಪಾತ್ರೆ ಪಡಗ, ಎಲ್ಲವನ್ನೂ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವರು ನಗಲಿಲ್ಲ, ಕೆಮ್ಮು ತಡೆದುಕೊಂಡು ಪೂರ್ತಿ ಕೇಳಿದರು.

“ಬರೆದಿರೋದೆಲ್ಲ ಸರಿಯಾಗೇ ಇದೆಯಮ್ಮಾ” ಅಂದರು. “ಆದ್ರೆ ಅದು ನನ್ನ ಮುತ್ತಜ್ಜನ ಮುತ್ತಜ್ಜ ಮಾಡ್ತಿದ್ದ ಕೆಲಸ. ನನ್ನ ಕೆಲಸ ನಾಲ್ಕೇ ಪ್ರಶ್ನೆ. ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ. ಯಾರ ಕಡೇನೂ ಅಲ್ಲ ನಾನು.”

ನಾನು ಮಾರ್ಚ್ ನಾಲ್ಕರಂದು ನಿನ್ನನ್ನು ಕೇಳಿದ್ದು ಇಷ್ಟೇ.

ಆಮೇಲೆ ಮೂರು ಹಳದಿ ಹಾಳೆ ಮೇಜಿಗೆ ಬಂದವು. ಸೂಪರ್‌ವೈಸರ್ ತನ್ನ ಸಹಿಯನ್ನು ತಾನೇ ಗುರುತು ಹಿಡಿಯಲು ಬಹಳ ಹೊತ್ತು ತೆಗೆದುಕೊಂಡ. ಹತ್ತನೇ ತಾರೀಕು ನಾನು ಹಾಳೆಗಳನ್ನು ಕೊಟ್ಟ ಸಂಜೆಯೇ ಕೊರೋನರಮ್ಮ ಆ ಲಿಫ್ಟಿಗೆ ಮುದ್ರೆ ಹಾಕಿಸಿ, ಬ್ರೇಕು ಬಿಚ್ಚಿಸಿ ತರಿಸಿದ್ದರು. ನಿನ್ನ ಬಂಡಿ ಚಕ್ರದ ಹಾಗೆ ಅದೂ ಮೇಜಿನ ಮೇಲಿತ್ತು. ಅದರೊಳಗೆ ಹೊಚ್ಚ ಹೊಸ ಲೈನಿಂಗ್.

“ಇದನ್ನ ಯಾವಾಗ ಹಾಕಿದ್ರಿ?”

ಸೂಪರ್‌ವೈಸರ್ ವಕೀಲನ ಕಡೆ ತಿರುಗಿದ. ಕೊರೋನರಮ್ಮ ಉಗ್ರಾಣದ ಚೀಟಿ ತರಿಸಿದರು. ಫೆಬ್ರವರಿ ಇಪ್ಪತ್ತು. ಇವರು ಸತ್ತ ಮರುದಿನ.

ಒಂದು ಮೊಳ ಅಂದರೆ ಎಷ್ಟು ಎಂದು ಕೊರೋನರಮ್ಮ ಕೇಳಿದಾಗ ಉದ್ದಣ್ಣ ಎದ್ದು ಬಂದು ಮೊಣಕೈಯಿಂದ ಬೆರಳ ತುದಿಯವರೆಗೆ ತನ್ನ ತೋಳನ್ನು ಮೇಜಿನ ಮೇಲೆ ಚಾಚಿಟ್ಟ. ಅವರು ತಮ್ಮ ತೋಳನ್ನೂ ಅದರ ಪಕ್ಕ ಇಟ್ಟು ನೋಡಿದರು. “ಸತ್ತವರದು ನಿಮ್ಮಷ್ಟು ಉದ್ದ ಇತ್ತಾ?” “ಇಲ್ಲಾಮ್ಮ, ಸ್ವಲ್ಪ ಗಿಡ್ಡ.” ನನಗೆ ಆ ತೋಳಿನ ಅಳತೆ ಗೊತ್ತು. ಇಪ್ಪತ್ತು ಅಂಗಿ ಹೊಲಿದಿದ್ದೇನೆ.

‘ಬ್ರೇಕು ಹಿಡಿಯದೆ ಲಿಫ್ಟು ಜಾರಿದ್ದರಿಂದ ಬಿದ್ದು ಸಾವು’ ಎಂದು ಬರೆದರು. ನನಗೆ ಅದರ ಪ್ರತಿಯನ್ನೂ ಹಳದಿ ಹಾಳೆಗಳ ಎರಡೂ ಬದಿಯ ನಕಲನ್ನೂ ಕೊಟ್ಟಿದ್ದಾರೆ. ಹೊರಡುವಾಗ ಕೇಳಿದೆ, ಯಾರ ತಪ್ಪು ಅಂತ ಬರೆಯೋದಿಲ್ವಾ ಎಂದು. “ಅದು ನನ್ನ ನಾಲ್ಕು ಪ್ರಶ್ನೇಲಿ ಇಲ್ಲಮ್ಮ” ಅಂದರು.

ನನ್ನಲ್ಲಿ ಇದೆ ಅಣ್ಣಾ. ಕಂಪನಿಯವರ ತಪ್ಪಿಗೆ ಕೋರ್ಟಿದೆ, ಅದನ್ನು ನೋಡಿಕೊಳ್ಳುತ್ತೇನೆ. ನನ್ನ ತಪ್ಪು ನನ್ನ ಬಚ್ಚಲಲ್ಲೇ ಇದೆ, ದಿನಾ ಆ ಬಕೆಟ್ಟಿನಲ್ಲೇ ನೀರು ಹಿಡಿಯುತ್ತೇನೆ. ನಿನ್ನದನ್ನು ಲೆಕ್ಕ ಹಾಕಲು ನನ್ನಿಂದ ಆಗುತ್ತಿಲ್ಲ. ಒಂದು ಪದದ ಹುಟ್ಟಿಗೆ ಆರು ಹಾಳೆಯನ್ನು ಒಂದೇ ದಿನದಲ್ಲಿ ಬರೆದೆ. ಇವರು ಕೇಳಿದ್ದು ಎರಡು ಸಾಲು. ಅದಕ್ಕೆ ಆರು ದಿನ ಇತ್ತು.

ಮನೆಗೆ ಬಂದು ಪುಟ್ಟಿಯನ್ನು ಕೂಡಿಸಿಕೊಂಡು ತೀರ್ಪನ್ನು ಓದಿದೆ. “ಅಪ್ಪ ಹಾರಲಿಲ್ಲ ಪುಟ್ಟಿ, ಬಿದ್ರು” ಎಂದೆ. ಅವಳು ಅಳಲಿಲ್ಲ. ಹಳದಿ ಹಾಳೆಗಳ ನಕಲನ್ನು ಎದುರಿಂದ ಓದಿದಳು, ತಿರುಗಿಸಿ ಓದಿದಳು, ಮತ್ತೆ ಎದುರಿಂದ ಓದಿದಳು. ಆಮೇಲೆ ಕೇಳಿದಳು:

“ಮಾಮ ಯಾಕೆ ತಿರುಗಿಸ್ಲಿಲ್ಲ?”

ಅವಳಿಗೆ ನೀನೇ ಬರೆ. ನನಗೆ ಬರೆಯಬೇಡ.


ಏಪ್ರಿಲ್ 21

ಪುಟ್ಟೀ,

ನಿನ್ನ ಪ್ರಶ್ನೆ ಅಮ್ಮ ಕಳಿಸಿದ್ದಾರೆ. ನಾಲ್ಕು ಸಲ ಬರೆದು ಹರಿದೆ. ಒಂದರಲ್ಲಿ ನಮ್ಮ ಕಚೇರಿಯ ಪದ್ಧತಿ ವಿವರಿಸಿದ್ದೆ, ಇನ್ನೊಂದರಲ್ಲಿ ಕೆಲಸದ ಒತ್ತಡ. ಅವೆಲ್ಲ ನಿಜವೇ. ಆದರೆ ನಿನ್ನ ಪ್ರಶ್ನೆಗೆ ಅವು ಉತ್ತರವಲ್ಲ.

ನಿನ್ನ ಅಪ್ಪ ದೊಡ್ಡ ಓದು ಓದಿದವರಲ್ಲ. ನಾನು ಓದಿದವನು. ಅವರ ಕೈಯಿಂದ ಬಂದ ಹಾಳೆಯಲ್ಲಿ ಎರಡು ಕಡೆ ಓದುವಂಥದ್ದು ಏನಿದ್ದೀತು ಎಂದುಕೊಂಡೆ. ಹಾಗೆಂದು ಬಾಯಿಬಿಟ್ಟು ಅಂದುಕೊಂಡಿರಲಿಲ್ಲ, ಆದರೆ ಅಂದುಕೊಂಡದ್ದು ಅದನ್ನೇ. ಅದಕ್ಕೇ ತಿರುಗಿಸಲಿಲ್ಲ. ಇದನ್ನು ನಿನ್ನ ಅಮ್ಮನಿಗೂ ಹೇಳಿಲ್ಲ. ನೀನು ಬೇಕಾದರೆ ಹೇಳು.

ಅಪ್ಪ ಕೇಳಿದ್ದ ಎರಡು ಸಾಲನ್ನು ಇವತ್ತು ಬರೆದೆ. ಕಚೇರಿಯ ಹೆಸರಿರುವ ಕಾಗದದಲ್ಲಿಯೇ, ಅವರ ಕಂಪನಿಯ ದೊಡ್ಡ ಸಾಹೇಬರಿಗೆ. ಅವರ ಲಿಫ್ಟುಗಳು ಆ ಊರಿನಲ್ಲಿ ಇನ್ನೂ ನಲವತ್ತು ಇವೆಯಂತೆ, ಉದ್ದಣ್ಣ ದಿನಾ ಅವುಗಳ ನೆತ್ತಿ ಹತ್ತುತ್ತಾನೆ. ‘ನಿಮ್ಮ ಲಿಫ್ಟುಗಳ ಬ್ರೇಕು ಹಿಡಿಯುತ್ತಿಲ್ಲ ಎಂದು ನಿಮ್ಮ ಮೆಕ್ಯಾನಿಕ್ ತಿಳಿಸಿದ್ದಾರೆ. ದಯವಿಟ್ಟು ಇವತ್ತೇ ನೋಡಿಸಿ.’ ಬರೆಯಲು ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಿದೆ. ಒಂದು ನಿಮಿಷವೂ ಆಗಲಿಲ್ಲ ಪುಟ್ಟೀ.

ನಿನ್ನ ಅಪ್ಪ ನನಗೆ ಕಾಗದ ಬರೆದದ್ದು ಫೆಬ್ರವರಿ ಹತ್ತರಂದು. ನಾನು ಅದನ್ನು ಪೂರ್ತಿ ಓದಿದ್ದು ಏಪ್ರಿಲ್ ಹನ್ನೆರಡರಂದು, ನಿನ್ನ ಅಮ್ಮನ ಕೈಬರಹದಲ್ಲಿ.

ಇದು ಹೊಸ ಹಾಳೆ. ಅಂಗಡಿಯಿಂದ ಕೊಂಡುತಂದೆ. ಹಿಂಬದಿಯಲ್ಲಿ ಏನೂ ಇಲ್ಲ. ಆದರೂ ನಾನು ಹೇಳಿದೆನೆಂದು ನಂಬಬೇಡ, ತಿರುಗಿಸಿ ನೋಡು.

ಮಾಮ